ಸುಸ್ತು ಅವರ ಸ್ವಭಾವವಲ್ಲ: ಕಬ್ಬಿಣದ ಕೊರತೆಯ ಲೆಕ್ಕಾಚಾರ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಶೇ. 47.8. ಅದೇ ವಯಸ್ಸಿನ ಗಂಡಸರಲ್ಲಿ ದೇಶದ ಲೆಕ್ಕ ಶೇ. 25. ಇಷ್ಟು ಅಂತರ ಯಾಕೆ ಅನ್ನೋದಕ್ಕೆ ಅರ್ಧ ಉತ್ತರ ದೇಹದಲ್ಲಿದೆ, ಇನ್ನರ್ಧ ಅಡುಗೆಮನೆಯಲ್ಲಿ.

ಇಂಜಿನಿಯರಿಂಗ್ ಓದಿ ಬಂದ ನನಗೆ ಇದು ಜಲಾಶಯದ ಒಳಹರಿವು-ಹೊರಹರಿವಿನ ಲೆಕ್ಕದ ಹಾಗೇ ಕಾಣುತ್ತೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅದು ಸತ್ತ ಮೇಲೆ ಅದರೊಳಗಿನ ಕಬ್ಬಿಣವನ್ನು ದೇಹ ಎಸೆಯೋದಿಲ್ಲ, ಮತ್ತೆ ಬಳಸಿಕೊಳ್ಳುತ್ತೆ. ಹಾಗಾಗಿ ದಿನಕ್ಕೆ 1-2 ಮಿಲಿಗ್ರಾಂ ಹೀರಿಕೊಂಡರೆ ಸಾಕು. ಆದರೆ ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋದ ಹಾಗೆ. ಮುಟ್ಟಿನಲ್ಲಿ 80 ಮಿಲಿಲೀಟರ್ ರಕ್ತ ಹೋಗುವವರು ತಿಂಗಳಿಗೆ 40 ಮಿಲಿಗ್ರಾಂ ಕಳಕೊಳ್ತಾರೆ. ಒಂದು ಬಸಿರಿಗೆ ಬೇಕಾಗೋದು ಹೆಚ್ಚುಕಡಿಮೆ 1 ಗ್ರಾಂ.

ಇದರ ಜೊತೆಗೆ ಎಲ್ಲರ ಊಟ ಆದಮೇಲೆ ಉಳಿದದ್ದನ್ನು ತಿನ್ನೋ ಪದ್ಧತಿ ಸೇರಿಸಿ. ಸಾರಿನ ತಿಳಿ, ಅನ್ನ, ಮೇಲೊಂದು ಲೋಟ ಟೀ. 'ಅವಳು ಮೊದಲಿಂದಲೂ ಹಂಗೇ, ಬೇಗ ಸುಸ್ತಾಗ್ತಾಳೆ' ಅಂತ ಮನೆಯವರು ಹೇಳೋದು ಇಂಥವರ ಬಗ್ಗೆಯೇ.

ಕೊರತೆ ಒಂದೇ ದಿನಕ್ಕೆ ಆಗೋದಲ್ಲ. ಮೊದಲು ದಾಸ್ತಾನು ಖಾಲಿಯಾಗುತ್ತೆ. ಅದನ್ನು ತೋರಿಸೋದು ಫೆರಿಟಿನ್ ಪರೀಕ್ಷೆ. ಹಿಮೋಗ್ಲೋಬಿನ್ ಇಳಿಯೋದು ಆಮೇಲೆ. ಗರ್ಭಿಣಿಯಲ್ಲದ ಹೆಂಗಸರಿಗೆ 12, ಗರ್ಭಿಣಿಯರಿಗೆ 11, ಗಂಡಸರಿಗೆ 13 ಗ್ರಾಂಗಿಂತ (ಪ್ರತಿ ಡೆಸಿಲೀಟರ್‌ಗೆ) ಕಡಿಮೆಯಾದರೆ ರಕ್ತಹೀನತೆ. ಅಂದ್ರೆ 12.2 ಇರುವವರ ರಿಪೋರ್ಟ್ 'ನಾರ್ಮಲ್' ಅಂತ ಬಂದರೂ ಒಳಗೆ ಬರಿದಾಗಿರಬಹುದು. ಉಸಿರುಕಟ್ಟು, ಎದೆಬಡಿತ, ತಲೆಸುತ್ತು, ಕೂದಲುದುರುವುದು, ಮಣ್ಣು-ಬಳಪ-ಐಸ್ ತಿನ್ನೋ ಆಸೆ ಇವೆಲ್ಲ ಲಕ್ಷಣಗಳೇ.

ಅಂಕಿಗಳ ಬಗ್ಗೆ ತಕರಾರೂ ಇದೆ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯವರು ಬೆರಳು ಚುಚ್ಚಿ ಪರೀಕ್ಷಿಸಿದ್ದರು. ನರದಿಂದ ರಕ್ತ ತೆಗೆದು ನೋಡಿದರೆ ಪ್ರಮಾಣ ಕಡಿಮೆ ಬರುತ್ತೆ ಅನ್ನೋದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಅವರಂಥ ತಜ್ಞರ ವಾದ. ಇದರಲ್ಲಿ ಹುರುಳಿದೆ. ಆದರೆ ನರದಿಂದಲೇ ರಕ್ತ ತೆಗೆದ 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲೂ ಹದಿಹರೆಯದ ಹುಡುಗಿಯರಲ್ಲಿ ಶೇ. 40, ಹುಡುಗರಲ್ಲಿ ಶೇ. 18 ಮಂದಿಗೆ ರಕ್ತಹೀನತೆ ಕಂಡಿತ್ತು. ಅಳತೆ ಬದಲಾದರೂ ಅಂತರ ಮಾಯವಾಗ್ಲಿಲ್ಲ, ಗಮನಿಸಿ. ಇನ್ನೊಂದು ಮಾತು: ಎಲ್ಲ ರಕ್ತಹೀನತೆಯೂ ಕಬ್ಬಿಣದ್ದಲ್ಲ. ಬಿ12, ಫೋಲೇಟ್ ಕೊರತೆ, ಥಲಸ್ಸೇಮಿಯಾ, ಸಿಕಲ್ ಸೆಲ್ ಕೂಡ ಕಾರಣ ಆಗಬಹುದು. ಗಂಡಸರಲ್ಲಿ ಮತ್ತು ಮುಟ್ಟು ನಿಂತವರಲ್ಲಿ ಕಬ್ಬಿಣ ಕಡಿಮೆಯಾದರೆ ಹೊಟ್ಟೆ-ಕರುಳಲ್ಲಿ ರಕ್ತ ಸೋರುತ್ತಿದೆಯಾ ಅಂತ ನೋಡಲೇಬೇಕು.

ಬೀಟ್‌ರೂಟ್ ಜ್ಯೂಸ್ ಕುಡೀರಿ ಅಂತಾರಲ್ಲ, ಅದು ಕೆಂಪಗಿದೆ ಅನ್ನೋದು ಬಿಟ್ರೆ ಅದರಲ್ಲಿ ಕಬ್ಬಿಣ ಬಹಳ ಇಲ್ಲ. ಮಾಂಸ, ಲಿವರ್, ಮೀನಿನ ಕಬ್ಬಿಣ ಸುಲಭವಾಗಿ ಹೀರಿಕೆಯಾಗುತ್ತೆ. ಸೊಪ್ಪು, ಕಾಳು, ರಾಗಿಯದ್ದು ಕಷ್ಟದಲ್ಲಿ. ಕಾಳಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿ, ಟೀ-ಕಾಫಿಯನ್ನು ಊಟದಿಂದ ಒಂದು ಗಂಟೆ ದೂರ ಇಡಿ. ಶಾಲೆಯ ಮೊಟ್ಟೆಯನ್ನು ನಾನು ಪೂರ್ತಿ ಬೆಂಬಲಿಸ್ತೀನಿ, ಆದರೆ ಪ್ರೋಟೀನ್‌ಗೆ, ಬಿ12ಗೆ. ಮೊಟ್ಟೆಯ ಕಬ್ಬಿಣ ಮೈಗೆ ಹತ್ತೋದು ಕಡಿಮೆ.

ಕೊರತೆ ಆಗಿಬಿಟ್ಟಿದ್ದರೆ ಊಟವೊಂದೇ ಸಾಲದು, ಮಾತ್ರೆ ಬೇಕು. 2018ರಲ್ಲಿ ಶುರುವಾದ 'ಅನೀಮಿಯಾ ಮುಕ್ತ ಭಾರತ'ದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ, ಅಂಗನವಾಡಿಗಳಲ್ಲಿ ಅದು ಪುಕ್ಕಟೆ. ಆದರೂ ಅದೇ ಐದನೇ ಸಮೀಕ್ಷೆ ಪ್ರಕಾರ ಬಸಿರಿನಲ್ಲಿ 180 ದಿನ ಮಾತ್ರೆ ನುಂಗಿದವರು ದೇಶದಲ್ಲಿ ಶೇ. 26 ಮಾತ್ರ. ಇದನ್ನು ಹೆಂಗಸರ ಅಸಡ್ಡೆ ಅನ್ನೋದು ಸುಲಭ. ಮಾತ್ರೆ ಕೈಗಿಡುವಾಗ ಮಲ ಕಪ್ಪಾಗುತ್ತೆ, ಅದಕ್ಕೆ ಹೆದರಬೇಡಿ ಅಂತ ಯಾರಾದರೂ ಹೇಳಿದ್ರಾ? ವಾಕರಿಕೆ ಬಂದರೆ ನಿಲ್ಲಿಸೋ ಬದಲು ದಿನ ಬಿಟ್ಟು ದಿನ ತಗೋಬಹುದಾ ಅಂತ ವೈದ್ಯರನ್ನು ಕೇಳಿ. ಹಾಗೆ ತಗೊಂಡಾಗ ಪ್ರತಿ ಮಾತ್ರೆಯಿಂದ ಹೆಚ್ಚು ಕಬ್ಬಿಣ ಹೀರಿಕೆಯಾಗುತ್ತೆ ಅಂತ ಅಧ್ಯಯನಗಳು ತೋರಿಸಿವೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು, ಖಾಲಿಯಾದ ದಾಸ್ತಾನು ತುಂಬೋದು ಆಗಲೇ.