ವಿದ್ಯುದಾಘಾತದ ಉತ್ತರಫಲ

ಶಿವನಸಮುದ್ರದ ಜಲಪಾತದಿಂದ ಜನಿಸಿದ ವಿದ್ಯುತ್ತು ೧೯೦೨ನೆಯ ಇಸವಿಯಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು; ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಗಿರಣಿಯಿಂದ ಹೆಸರು ಪಡೆದ ಬಿನ್ನಿಪೇಟೆಯಂತಹ ಕಾರ್ಮಿಕರ ನೆಲೆಗಳುಳ್ಳ ಈ ನಗರದಲ್ಲಿ ವಿದ್ಯುತ್ತಿನ ಚರಿತ್ರೆಯೊಡನೆ ಅದರ ಆಘಾತದ ಚರಿತ್ರೆಯೂ ವಿಚಾರಾರ್ಹವಾದುದು.

ಈ ಆಘಾತಗಳನ್ನು ಕುರಿತು ವಿಯೆನ್ನಾ ನಗರದ ವೈದ್ಯ ಯೆಲಿನೆಕ್ ೧೯೦೩ರಲ್ಲಿಯೇ ಗ್ರಂಥವನ್ನು ಪ್ರಕಟಿಸಿದನು. ಅಧಿಕ ವೋಲ್ಟಿನ ಆಘಾತದಲ್ಲಿ ಸುಟ್ಟಗಾಯವು ಮಾದಮೇಲೆಯೂ, ಕೆಲವು ದಿನಗಳು ಅಥವಾ ತಿಂಗಳುಗಳು ಕಳೆದು, ಬೆನ್ನುಹುರಿ ಕೆಟ್ಟು ಕೈಕಾಲುಗಳು ಬಲಗುಂದುವುದುಂಟು. ಆರಂಭದ ಪರೀಕ್ಷೆಯಲ್ಲಿ ದೋಷವೇ ಕಾಣದಿರಬಹುದು. ಈ ಕಾಲವ್ಯವಧಾನದಿಂದಲೇ ರೋಗಿಯ ಮಾತು ಸುಳ್ಳೆನಿಸುವ ಅಪಾಯವಿದೆ.

ಯಾಗಕ್ಕೂ ಕಾಲಾಂತರದ ಸ್ವರ್ಗಫಲಕ್ಕೂ ನಡುವೆ ಮೀಮಾಂಸಕರು ‘ಅಪೂರ್ವ’ವನ್ನು ಕಲ್ಪಿಸಿದರು. ಇಲ್ಲಿ ಅಂತಹ ಕಲ್ಪನೆ ಬೇಕಿಲ್ಲ. ಆಘಾತದ ದಿನವನ್ನೂ ಅನಂತರದ ಪರೀಕ್ಷೆಗಳನ್ನೂ ಕ್ರಮವಾಗಿ ಬರೆದಿಟ್ಟರೆ ಆ ಲೇಖವೇ ಕಾರ್ಮಿಕನಿಗೆ ಪ್ರಮಾಣವಾಗುವುದು.