ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತರೆ ಬೋರ್‌ವೆಲ್‌ನಲ್ಲಿ ನೀರು ಸಿಗುತ್ತದೆಯೇ?

ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದರೆ, ಅದು ಎದ್ದು ನಿಂತ ಜಾಗದಲ್ಲಿ ನೀರಿದೆ ಎನ್ನುವ ವಿಡಿಯೊಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತವೆ. ಇದನ್ನೇ ನಂಬಿ ಸಾಲ ಮಾಡಿ ಬೋರ್ ಕೊರೆಸುವವರೂ ಇದ್ದಾರೆ. ಇದರಲ್ಲಿ ನಿಜವೆಷ್ಟು? ನೋಡೋಣ.

ನೆಲದಡಿ ಏನಿದೆ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ನೆಲದಡಿ ಹೆಚ್ಚಾಗಿ ಇರುವುದು ಲಾಲ್‌ಬಾಗ್ ಬಂಡೆಯ ಜಾತಿಯ ನೈಸ್ ಮತ್ತು ಗ್ರಾನೈಟ್ ಶಿಲೆ. ಈ ಗಟ್ಟಿ ಬಂಡೆ ನೀರು ಹೀರುವುದಿಲ್ಲ. ಮೇಲಿನ ಶಿಥಿಲ ಪದರ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರಿರುತ್ತದೆ. ಬಿರುಕು ತಪ್ಪಿದರೆ ಸಾವಿರ ಅಡಿ ಕೊರೆದರೂ ಬರುವುದು ಧೂಳೇ.

ಕಾಯಿ ಏಕೆ ನಿಲ್ಲುತ್ತದೆ?

ನಮಗೆ ಗೊತ್ತಿಲ್ಲದಂತೆಯೇ ಕೈಯ ಸ್ನಾಯುಗಳು ಸಣ್ಣದಾಗಿ ಅಲುಗುತ್ತವೆ. ಕಾಯಿ ಹಿಡಿದವರು ಮೋಸ ಮಾಡುತ್ತಿದ್ದಾರೆ ಎಂದೇನಲ್ಲ. 1990ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ, ಕಡ್ಡಿ ಹಿಡಿದು ನೀರು ನೋಡುವ ಸುಮಾರು 30 ಜನರನ್ನು ಪರೀಕ್ಷಿಸಲಾಯಿತು. ಹೂತಿಟ್ಟ ಪೈಪಿನಲ್ಲಿ ನೀರು ಹರಿಯುತ್ತಿದೆಯೇ ಇಲ್ಲವೇ ಎಂದು ಹೇಳಬೇಕಿತ್ತು. ಅವರ ಉತ್ತರಗಳು ನಾಣ್ಯ ಚಿಮ್ಮಿ ಹೇಳಿದಷ್ಟೇ ಸರಿಯಾಗಿದ್ದವು. ನೀರು ಬಿದ್ದ ಬೋರ್ ಊರಿಗೆಲ್ಲ ನೆನಪಿರುತ್ತದೆ, ಫೇಲ್ ಆದದ್ದನ್ನು ಯಾರೂ ವಿಡಿಯೊ ಮಾಡುವುದಿಲ್ಲ.

ಯಂತ್ರ ಹೇಳಿದರೆ ಗ್ಯಾರಂಟಿಯೇ?

ಅದೂ ಅಲ್ಲ. ಭೂವಿಜ್ಞಾನಿಗಳು ನೆಲಕ್ಕೆ ಸಲಾಕೆ ನೆಟ್ಟು ವಿದ್ಯುತ್ ಹರಿಸಿ, ಒಳಗಿನ ಪದರಗಳು ಅದನ್ನು ಎಷ್ಟು ತಡೆಯುತ್ತವೆ ಎಂದು ಅಳೆಯುತ್ತಾರೆ. ಒಣ ಬಂಡೆ ಹೆಚ್ಚು ತಡೆಯುತ್ತದೆ, ನೀರು ತುಂಬಿದ ಪದರ ಕಡಿಮೆ. ಆದರೆ ಹಸಿ ಜೇಡಿಮಣ್ಣು ಕೂಡ ಕಡಿಮೆಯೇ ತಡೆಯುತ್ತದೆ. ಅದರೊಳಗೆ ನೀರಿದ್ದರೂ ಅದು ಬಿಟ್ಟುಕೊಡುವುದಿಲ್ಲ. ನೀರಿರುವುದು ಬೇರೆ, ನೀರು ಹರಿದು ಬರುವುದು ಬೇರೆ. ಈ ಹರಿಯಬಿಡುವ ಗುಣವೇ ಪರ್ಮಿಯಬಿಲಿಟಿ.

ಪೆಟ್ರೋಲ್ ಕಂಪನಿಗಳಿಗೂ ಇದೇ ತಲೆನೋವು. 1927ರಲ್ಲಿ ಫ್ರಾನ್ಸ್‌ನ ಪೆಶೆಲ್‌ಬ್ರಾನ್‌ನಲ್ಲಿ ಷ್ಲಂಬರ್ಜೆ ಸಹೋದರರ ತಂಡ ಮೊದಲ ಬಾರಿಗೆ ತೈಲಬಾವಿಯೊಳಗೆ ಉಪಕರಣ ಇಳಿಸಿ ವಿದ್ಯುತ್ ತಡೆಯನ್ನು ದಾಖಲಿಸಿತು. ಇಂದಿಗೂ ಇಂಥ ಅಳತೆಗಳಿಂದ ಪರ್ಮಿಯಬಿಲಿಟಿಯನ್ನು ಅಂದಾಜು ಮಾಡುತ್ತಾರೆ. ನಂತರ ಬಾವಿಯಿಂದ ತೆಗೆದ ಕಲ್ಲಿನ ತುಂಡನ್ನು ಲ್ಯಾಬಿನಲ್ಲಿ ಪರೀಕ್ಷಿಸಿ ಆ ಅಂದಾಜನ್ನು ತಾಳೆ ನೋಡುತ್ತಾರೆ.

ನಾವೇನು ಮಾಡಬಹುದು?

• ಕೊರೆಸುವ ಮೊದಲು ಭೂವಿಜ್ಞಾನಿಯಿಂದ ಸರ್ವೆ ಮಾಡಿಸಿ. ಖಾತರಿ ಸಿಗುವುದಿಲ್ಲ, ಸೋಲುವ ಸಾಧ್ಯತೆ ಕಡಿಮೆಯಾಗುತ್ತದೆ.
• ಅಕ್ಕಪಕ್ಕದ ಬೋರ್‌ಗಳಲ್ಲಿ ಎಷ್ಟು ಅಡಿಗೆ ನೀರು ಬಂತು, ಈಗಲೂ ಬರುತ್ತಿದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ.
• ನೀರು ಚಿಮ್ಮಿದ ತಕ್ಷಣ ಎಷ್ಟು ಇಂಚು ಎಂದು ನಂಬಬೇಡಿ. ಕೆಲವು ಗಂಟೆ ಪಂಪ್ ಓಡಿಸಿ, ಮಟ್ಟ ಎಷ್ಟು ಇಳಿಯಿತು, ಮತ್ತೆ ಏರಲು ಎಷ್ಟು ಹೊತ್ತು ಬೇಕಾಯಿತು ಎಂದು ನೋಡಿ. ಬಂಡೆ ಎಷ್ಟು ನೀರು ಬಿಡುತ್ತದೆ ಎಂಬುದು ಆಗಲೇ ತಿಳಿಯುವುದು.
• ಫೇಲ್ ಆದ ಬೋರ್‌ನ ಬಾಯಿಯನ್ನು ಅಂದೇ ಭದ್ರವಾಗಿ ಮುಚ್ಚಿಸಿ. ಮಕ್ಕಳ ಜೀವದ ಪ್ರಶ್ನೆ.

ಕೊನೆಯ ಮಾತು

ತೆಂಗಿನಕಾಯಿ ನೀರು ತೋರಿಸುತ್ತದೆ ಎನ್ನುವುದು ಸುಳ್ಳು. ಅಂಥ ವಿಡಿಯೊ ಬಂದರೆ ಫಾರ್ವರ್ಡ್ ಮಾಡಬೇಡಿ. ಬೋರ್ ಕೊರೆಸಲು ಹೊರಟಿರುವ ನಿಮ್ಮವರಿಗೆ ಇದನ್ನು ಕಳುಹಿಸಿ.