ಮನೆಯಲ್ಲೇ ಸಂಗೀತ ಸ್ಟುಡಿಯೋ: ಮೊದಲು ಬಾಗಿಲ ಸಂದಿ ಮುಚ್ಚಿ

ಗಂಟೆಗೆ ಇಂತಿಷ್ಟು ಎಂದು ಬಾಡಿಗೆ ತೆತ್ತು ಧ್ವನಿಮುದ್ರಣ ಮಾಡಿಸಬೇಕಿದ್ದ ಕಾಲ ಹಿಂದೆ ಸರಿದಿದೆ. ಕಂಪ್ಯೂಟರ್, ಮೈಕ್, ಆಡಿಯೊ ಇಂಟರ್‌ಫೇಸ್ ಮತ್ತು ಹೆಡ್‌ಫೋನ್ ಇದ್ದರೆ ಮನೆಯ ಕೋಣೆಯೇ ಸ್ಟುಡಿಯೋ ಆಗಬಲ್ಲದು. ಆದರೆ ಸಲಕರಣೆಗಿಂತ ಕೋಣೆಯದೇ ದೊಡ್ಡ ಸಮಸ್ಯೆ. ರಸ್ತೆಯ ಹಾರ್ನ್ ಒಳಗೆ ಕೇಳಬಾರದು. ಒಳಗಿನ ಮೃದಂಗ ಪಕ್ಕದ ಮನೆಯವರ ನಿದ್ದೆ ಕೆಡಿಸಬಾರದು.

ಎರಡು ಬೇರೆ ಕೆಲಸಗಳು

ಸದ್ದು ಗೋಡೆ ದಾಟದಂತೆ ತಡೆಯುವುದು ಧ್ವನಿ ನಿರೋಧ. ಕೋಣೆಯೊಳಗಿನ ಅನುರಣನವನ್ನು ತಗ್ಗಿಸುವುದು ಧ್ವನಿ ಹೀರಿಕೆ. ಮೊದಲನೆಯದಕ್ಕೆ ಭಾರ ಮತ್ತು ಬಿಗಿ ಬೇಕು. ಎರಡನೆಯದಕ್ಕೆ ಗಾಳಿಯಾಡುವ, ದಪ್ಪನೆಯ ನಾರಿನ ವಸ್ತು ಬೇಕು. ಈ ವ್ಯತ್ಯಾಸ ತಿಳಿಯದಿದ್ದರೆ ಹಣ ಪೋಲಾಗುತ್ತದೆ. ಗೋಡೆ ತುಂಬ ಅಂಟಿಸುವ ಮೊಟ್ಟೆ ಟ್ರೇ ಹಾಗೂ ತೆಳು ಫೋಮ್ ತೀರಾ ಹಗುರವಾದ್ದರಿಂದ ಸದ್ದನ್ನು ತಡೆಯಲಾರವು. ತಾರಸ್ವರಗಳನ್ನು ತುಸು ಮಂಕಾಗಿಸುತ್ತವೆ, ಅಷ್ಟೇ. ಕಾಗದದ ಟ್ರೇಗೆ ಬೆಂಕಿಯ ಭಯವೂ ಉಂಟು.

ಸಂದಿ, ಆಮೇಲೆ ಭಾರ

ಗಾಳಿ ನುಸುಳುವಲ್ಲೆಲ್ಲ ಸದ್ದೂ ನುಸುಳುತ್ತದೆ. ಗೋಡೆ ಎಷ್ಟೇ ದಪ್ಪವಿದ್ದರೂ ಅದರ ವಿಸ್ತೀರ್ಣದ ಶೇ. 1ರಷ್ಟು ತೆರೆದಿದ್ದರೆ ಒಟ್ಟು ತಡೆ ಸುಮಾರು 20 ಡೆಸಿಬಲ್‌ಗೆ ಸೀಮಿತಗೊಳ್ಳುತ್ತದೆ. ಆದ್ದರಿಂದ ಬಾಗಿಲ ಚೌಕಟ್ಟಿಗೆ ರಬ್ಬರ್ ಪಟ್ಟಿ, ಬಾಗಿಲಡಿಯ ಸಂದಿಗೆ ರಬ್ಬರ್ ಅಂಚು, ಕಿಟಕಿ ಚೌಕಟ್ಟು ಹಾಗೂ ವೈರ್ ರಂಧ್ರಗಳಿಗೆ ಸೀಲೆಂಟ್ ಹಾಕುವುದೇ ಅತ್ಯಂತ ಅಗ್ಗದ, ಅತ್ಯಂತ ಫಲಕಾರಿ ಕ್ರಮ.

ನಂತರದ ಸರದಿ ಪೊಳ್ಳು ಬಾಗಿಲಿನದು. ಅದರ ಜಾಗಕ್ಕೆ ಗಟ್ಟಿ ಮರದ ಭಾರದ ಬಾಗಿಲು ಬರಬೇಕು. ಕಿಟಕಿಗೆ ಒಳಗಿನಿಂದ, ನಡುವೆ ಗಾಳಿಯ ಅಂತರ ಬಿಟ್ಟು, ಎರಡನೇ ಗಾಜನ್ನು ಕೂರಿಸಬಹುದು. 9 ಅಂಗುಲದ ಇಟ್ಟಿಗೆ ಗೋಡೆಗೆ ಸಾಮಾನ್ಯವಾಗಿ ಖರ್ಚು ಬೇಕಿಲ್ಲ. ಗೋಡೆಯ ಭಾರ ಇಮ್ಮಡಿಯಾದರೂ ಹೆಚ್ಚುವ ತಡೆ 6 ಡೆಸಿಬಲ್ ಆಸುಪಾಸು ಮಾತ್ರ. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಗಾಳಿ ಕೆಡುವುದರಿಂದ ಹಾಡು ಹಾಡಿನ ನಡುವೆ ಬಾಗಿಲು ತೆರೆಯುವುದು ಅವಶ್ಯ.

ಒಳಗಿನ ಅನುರಣನ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೆಸ್ ಸಾಬಿನ್ 1895ರಲ್ಲಿ ಉಪನ್ಯಾಸ ಸಭಾಂಗಣವೊಂದರ ಅನುರಣನವನ್ನು ಅಳೆಯತೊಡಗಿದರು. ಅವರು ಬಳಸಿದ ಮುಖ್ಯ ಸಾಧನ ಆಸನದ ಮೆತ್ತೆಗಳು. ಅದೇ ತತ್ವ ಮನೆಗೂ ಅನ್ವಯಿಸುತ್ತದೆ: ಹತ್ತಿಯ ಹಾಸಿಗೆ, ಜಮಖಾನ, ಬಟ್ಟೆ ತುಂಬಿದ ತೆರೆದ ಕಪಾಟು ಎಲ್ಲವೂ ಸದ್ದನ್ನು ಹೀರುತ್ತವೆ.

ಮಂದ್ರಸ್ವರಗಳಿಗೆ ಇವು ಸಾಲವು. 100 ಹರ್ಟ್ಜ್ ಸದ್ದಿನ ತರಂಗಾಂತರ ಸುಮಾರು 3.4 ಮೀಟರ್ ಇರುವುದರಿಂದ ಹೀರುವ ವಸ್ತುವೂ ದಪ್ಪವಿರಬೇಕು. 4 ಅಂಗುಲ ದಪ್ಪದ ರಾಕ್‌ವೂಲ್ ಹಲಗೆಗಳನ್ನು ಮರದ ಚೌಕಟ್ಟಿನಲ್ಲಿರಿಸಿ, ಬಟ್ಟೆ ಸುತ್ತಿ ಮೂಲೆಗಳಲ್ಲಿ ನಿಲ್ಲಿಸಬೇಕು. ಕೆಲಸ ಮಾಡುವಾಗ ಮುಖಗವಸು, ಕೈಗವಸು ಕಡ್ಡಾಯ. ಉದ್ದ, ಅಗಲ, ಎತ್ತರ ಸಮನಾಗಿರುವ ಕೋಣೆಯಲ್ಲಿ ಕೆಲವು ಸ್ವರಗಳು ಅತಿಯಾಗಿ ಮೊಳಗುವುದರಿಂದ ಅಂಥದ್ದನ್ನು ಆಯ್ದುಕೊಳ್ಳದಿರುವುದೇ ಲೇಸು.

ಉಳಿತಾಯದ ದಾರಿಗಳು

* ಅನುರಣನ ಹೆಚ್ಚಿರುವ ಕೋಣೆಯಲ್ಲಿ ಗಾಯನಕ್ಕೆ ಡೈನಮಿಕ್ ಮೈಕ್ ಅನುಕೂಲ. ಅದನ್ನು ಬಾಯಿಯ ಸಮೀಪ ಹಿಡಿದು ಹಾಡುವುದರಿಂದ ಕೋಣೆಯ ಸದ್ದು ಕಡಿಮೆ ದಾಖಲಾಗುತ್ತದೆ.
* 2000ದಿಂದ ಲಭ್ಯವಿರುವ ಅಡಾಸಿಟಿ ತಂತ್ರಾಂಶ ಉಚಿತ.
* ಹಾಡುವಾಗ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಧರಿಸಿದರೆ ಹಿನ್ನೆಲೆ ಸಂಗೀತ ಮೈಕಿಗೆ ಸೋರದು.

ನೆರೆಹೊರೆಯ ನಿದ್ದೆ

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ವಿಧಿಸಿವೆ. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6. ಡ್ರಮ್ ಪೆಡಲ್‌ನ ಪೆಟ್ಟು ನೆಲದ ಮೂಲಕವೇ ಕೆಳಮನೆಗೆ ಇಳಿಯುವುದರಿಂದ ದಪ್ಪ ರಬ್ಬರ್ ಹಾಸೂ ಅದನ್ನು ಪೂರ್ತಿ ತಡೆಯದು. ತಾಳವಾದ್ಯಗಳನ್ನು ಹಗಲಿಗಿಟ್ಟು, ಸಂಕಲನ ಕಾರ್ಯವನ್ನು ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಮಾಡಿದರೆ ಕಾಸಿನ ಖರ್ಚಿಲ್ಲದೆ ನೆರೆಯವರ ನೆಮ್ಮದಿ ಉಳಿಯುತ್ತದೆ.